ಮೊದಲು ನೀರು, ಆಮೇಲೆ ಮೀನು, ಹವಳ ಕೊನೆಗೆ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡುವ ಬಗ್ಗೆ ಮುಂಬೈ, ಪುಣೆ, ಗೋವಾದ ಕನ್ನಡ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ, ನಾಲ್ಕನೇ ಮಹಡಿಯ ಫ್ಲ್ಯಾಟ್. ಗಪ್ಪಿ, ಗೋಲ್ಡ್ ಫಿಶ್ ಸಾಕಿ ಅಭ್ಯಾಸವಿದೆ. ಈಗ ಮಗಳಿಗೆ ಕ್ಲೌನ್ ಫಿಶ್ ಬೇಕಂತೆ, ಜೊತೆಗೆ ಬಣ್ಣಬಣ್ಣದ ಹವಳವೂ ಬೇಕಂತೆ. ಮೂರಡಿ ಟ್ಯಾಂಕ್ ನೋಡಿಟ್ಟಿದ್ದೇವೆ. "ಉಪ್ಪು ಕಲಸಿ ಎರಡು ದಿನ ಬಿಡಿ, ಆಮೇಲೆ ಮೀನು ಒಯ್ಯಿರಿ" ಅಂತ ಅಂಗಡಿಯವರು ಹೇಳಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಎರಡು ದಿನ ಏನೇನೂ ಸಾಲದು, ಐದಾರು ವಾರ ಬೇಕು. ಈ ಐದಾರು ವಾರ ಟ್ಯಾಂಕಿನಲ್ಲಿ ಒಂದೂ ಮೀನು ಇರಬಾರದು. ಮಗಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಕಾರಣ ಇಷ್ಟೇ. ಮೀನಿನ ಕಿವಿರು, ಹೊಲಸು, ತಿನ್ನದೆ ಉಳಿದ ಆಹಾರ ಎಲ್ಲದರಿಂದಲೂ ಅಮೋನಿಯಾ ಬರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ಕೆಟ್ಟವು. ಮೂರನೆಯದನ್ನು ನೀರು ಬದಲಿಸಿ ತೆಗೆಯಬಹುದು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಗಪ್ಪಿ ಟ್ಯಾಂಕಿನಲ್ಲೂ ಇದೇ ಕತೆ, ಆದರೆ ಸಮುದ್ರದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.2ರ ಆಸುಪಾಸು ಇರುತ್ತದೆ. ಪಿಎಚ್ ಹೆಚ್ಚಿದಷ್ಟೂ ಅಮೋನಿಯಾ ಜಾಸ್ತಿ ವಿಷ. ಗಪ್ಪಿ ಹೇಗೋ ತಡೆದುಕೊಂಡಿದ್ದನ್ನು ಈ ಮೀನುಗಳು ತಡೆದುಕೊಳ್ಳುವುದಿಲ್ಲ.

ಟ್ಯಾಂಕ್ ಇಡುವ ಜಾಗ ಮೊದಲು ನೋಡಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ ಸುಮಾರು 190 ಲೀಟರ್ ನೀರು. ಗಾಜು, ಕಲ್ಲು, ಮರಳು, ಸ್ಟ್ಯಾಂಡ್ ಎಲ್ಲ ಸೇರಿ 300 ಕಿಲೋ ಹತ್ತಿರ ಹೋಗುತ್ತದೆ. ಹಾಲ್‌ನ ನಡುವೆ ಇಡಬೇಡಿ. ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ಕಟ್ಟಡ ಹಳೆಯದಾಗಿದ್ದರೆ ಇಂಜಿನಿಯರ್ ಒಬ್ಬರನ್ನು ಕರೆಸಿ ಕೇಳಿ. ಬಿಸಿಲು ಬೀಳುವ ಕಿಟಕಿಯ ಪಕ್ಕವೂ ಬೇಡ.

ಇನ್ನು ಉಪ್ಪುನೀರು. ಅಡುಗೆ ಉಪ್ಪು ನಡೆಯುವುದಿಲ್ಲ, ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪೇ ಬೇಕು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕದಲ್ಲಿರುತ್ತದೆ. ಬಕೆಟ್‌ಗೆ ಮೊದಲು ಶುದ್ಧ ನೀರು (ಯಾವುದು ಅಂತ ಮುಂದಿನ ಉತ್ತರದಲ್ಲಿದೆ) ಹಾಕಿ, ಸಣ್ಣ ಪಂಪ್ ಓಡುತ್ತಿರಲಿ, ಉಪ್ಪನ್ನು ಸ್ವಲ್ಪ ಸ್ವಲ್ಪ ಉದುರಿಸಿ. ಉಪ್ಪಿನ ಮೇಲೆ ನೀರು ಸುರಿದರೆ ಅದು ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಶುರು ಮಾಡಿ. ಮೊದಲು ನೀರು ಬಿಳಿಚಿಕೊಂಡು ಕದಡುತ್ತದೆ, ಮಾರನೇ ದಿನ ತಿಳಿಯಾಗಿರುತ್ತದೆ. ಆಗ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಮುಚ್ಚಳ ಇಳಿಸಿ, ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡಿ. ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ ಉಪ್ಪಿನಂಶದ ಅಳತೆಯಲ್ಲಿ ಸರಿಯಾಗಿ 35ಕ್ಕೆ, ಅಂದರೆ ಸಾಂದ್ರತೆಯ ಅಳತೆಯಲ್ಲಿ 1.026ಕ್ಕೆ ನಿಲ್ಲಬೇಕು. ಅಂಗಡಿಯಲ್ಲಿ ಸಿಗುವ ಮುಳ್ಳಿನ ಹೈಡ್ರೋಮೀಟರ್ ಅಗ್ಗ ನಿಜ, ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ತಪ್ಪು ತೋರಿಸುತ್ತದೆ. ಬೇರೆಲ್ಲೇ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಕಲ್ಲು, ಮರಳು ಜೋಡಿಸಿ, ನೀರು ತುಂಬಿ, ಪಂಪ್ ಓಡಿಸಿ. ಅಮೋನಿಯಂ ಕ್ಲೋರೈಡ್ ದ್ರಾವಣ ಸಿಗುತ್ತದೆ. ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಅದನ್ನು ಹಾಕಿ ಅಮೋನಿಯಾ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತನ್ನಿ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸೇರಿಸಿದರೆ ಕೆಲಸ ಬೇಗ ಆಗುತ್ತದೆ. ದೀಪ ಹಾಕಬೇಡಿ, ಪಾಚಿ ಬೆಳೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಲ್ಲಿ ನೋಡಿ. ಅಮೋನಿಯಾ ಇಳಿಯುತ್ತಾ ನೈಟ್ರೈಟ್ ಏರುತ್ತದೆ. ಆಮೇಲೆ ಅದೂ ಇಳಿಯುತ್ತದೆ. ಮತ್ತೊಮ್ಮೆ 2 ಪಿಪಿಎಂ ಹಾಕಿದಾಗ 24 ಗಂಟೆಯೊಳಗೆ ಎರಡೂ ಸೊನ್ನೆಗೆ ಬಂದರೆ ಟ್ಯಾಂಕ್ ತಯಾರು. ಈ ಕೆಲಸ ಮಗಳ ಕೈಗೇ ಕೊಡಿ. ಅಮೋನಿಯಾ ಟೆಸ್ಟಿನ ನೀರು ಹಳದಿಯಿಂದ ಹಸಿರಾಗುವುದು, ಹಸಿರು ಮತ್ತೆ ಹಳದಿಯಾಗುವುದು ನೋಡ್ತಾ ನೋಡ್ತಾ ಅವಳಿಗೇ ಅರ್ಥವಾಗುತ್ತದೆ.

ಸೊನ್ನೆ ಬಂದ ಮೇಲೆ ನೀರು ಒಮ್ಮೆ ದೊಡ್ಡದಾಗಿ ಬದಲಿಸಿ. ನಂತರ ಎರಡು ಕ್ಲೌನ್ ಫಿಶ್ ತನ್ನಿ. ಹ್ಯಾಚರಿಯಲ್ಲಿ (ಮೀನುಮರಿ ಮಾಡಿಸುವ ಕೇಂದ್ರದಲ್ಲಿ) ಹುಟ್ಟಿದವನ್ನೇ ಕೇಳಿ. ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್ ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿ ಎಷ್ಟೋ ವರ್ಷವಾಯಿತು. ಸಮುದ್ರದಿಂದ ಹಿಡಿದ ಮೀನು ತರಬೇಕಾದ ಅಗತ್ಯವೇ ಇಲ್ಲ. ಹ್ಯಾಚರಿ ಮೀನು ಟ್ಯಾಂಕಿನ ಆಹಾರಕ್ಕೆ ಒಗ್ಗಿಕೊಂಡಿರುತ್ತದೆ, ರೋಗವೂ ಕಡಿಮೆ. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಇವೆಲ್ಲ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ. ಸಮುದ್ರದಲ್ಲಿ ಇವು ವಾಸಿಸುವ ಹೂವಿನಂಥ ಪ್ರಾಣಿ ಎನಿಮೋನ್ ಇಲ್ಲದೆಯೂ ಇವು ಆರಾಮಾಗಿ ಇರುತ್ತವೆ, ಹೊಸ ಟ್ಯಾಂಕಿನಲ್ಲಿ ಎನಿಮೋನ್ ಬದುಕುವುದು ಕಷ್ಟ. ಮಗಳು ನೀಲಿ ಟ್ಯಾಂಗ್ ಕೇಳಿಯೇ ಕೇಳುತ್ತಾಳೆ. ಅದು ಒಂದಡಿಯವರೆಗೆ ಬೆಳೆಯುವ, ಸದಾ ಈಜುವ ಮೀನು. ಮೂರಡಿ ಟ್ಯಾಂಕಿನಲ್ಲಿ ಅದನ್ನು ಇಡುವುದು ಹಿಂಸೆ. ಮ್ಯಾಂಡರಿನ್ ಮೀನು ಕೂಡ ಬೇಡ, ಹೊಸ ಟ್ಯಾಂಕಿನಲ್ಲಿ ಅದು ಹಸಿದು ಸಾಯುತ್ತದೆ.

ಮೀನನ್ನು ನೇರ ಟ್ಯಾಂಕಿಗೆ ಬಿಡದೆ ಮೂರು ನಾಲ್ಕು ವಾರ ಬೇರೆ ಚಿಕ್ಕ ಟ್ಯಾಂಕಿನಲ್ಲಿಡಿ. ಬಿಳಿ ಚುಕ್ಕೆ ರೋಗಕ್ಕೆ ತಾಮ್ರದ ಔಷಧ ಕೆಲಸ ಮಾಡುತ್ತದೆ. ಆದರೆ ಅದೇ ತಾಮ್ರ ಹವಳ, ಬಸವನಹುಳು, ಸಿಗಡಿಗಳನ್ನು ಕೊಲ್ಲುತ್ತದೆ. ಅದಕ್ಕೇ ದೊಡ್ಡ ಟ್ಯಾಂಕಿಗೆ ಆ ಔಷಧ ಯಾವತ್ತೂ ಬೀಳಬಾರದು.

ದೀಪ ಹಚ್ಚಿದ ಕೆಲವು ವಾರದಲ್ಲಿ ಮರಳಿನ ಮೇಲೆ ಕಂದು ಪುಡಿ ಕೂರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಆಮೇಲೆ ಹಸಿರು ಪಾಚಿ. ಬಹಳ ಜನ ಇಲ್ಲಿಯೇ ಕೈಬಿಡುತ್ತಾರೆ, ಅಥವಾ ಯಾವುದೋ ಔಷಧ ಸುರಿಯುತ್ತಾರೆ. ಎರಡೂ ಬೇಡ. ದೀಪದ ಹೊತ್ತು ಕಡಿಮೆ ಮಾಡಿ, ಆಹಾರ ಕಡಿಮೆ ಮಾಡಿ, ಕೆಲವು ಬಸವನಹುಳು ಬಿಡಿ, ವಾರಕ್ಕೆ 10 ಶೇಕಡಾ ನೀರು ಬದಲಿಸಿ. ತಾನಾಗಿ ಹೋಗುತ್ತದೆ.

ಹವಳದ ವಿಷಯಕ್ಕೆ ನಾಲ್ಕೈದು ತಿಂಗಳ ನಂತರ ಕೈ ಹಾಕಿ. ಮಶ್ರೂಮ್, ಲೆದರ್‌ನಂಥ ಮೆತ್ತನೆ ಹವಳ ಹೊಸಬರಿಗೆ ಸುಲಭ. ಜೋಆಂತಿಡ್ ಎಂಬ ಹವಳದಂಥ ಜೀವಿ ಕೂಡ ಸುಲಭವೇ, ಆದರೆ ಅದರ ಕೆಲವು ಬಗೆಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರುತ್ತದೆ. ಕೈಗವಸು ಹಾಕದೆ ಮುಟ್ಟಬೇಡಿ. ಅದು ಬೆಳೆದ ಕಲ್ಲನ್ನು ಸ್ವಚ್ಛ ಮಾಡ್ತೀನಿ ಅಂತ ಕುದಿಯುವ ನೀರಿಗೆ ಹಾಕಲೇಬೇಡಿ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಹವಳದ ಕಾನೂನಿನ ಬಗ್ಗೆ ಕೆಳಗೆ ವಾಸ್ಕೋದವರಿಗೆ ಬರೆದಿದ್ದೇನೆ, ದಯವಿಟ್ಟು ಅದನ್ನೂ ಓದಿ.

ಪ್ರಶ್ನೆ: ಪುಣೆಯ ವಾಕಡ್‌ನಲ್ಲಿದ್ದೇವೆ. ಸೊಸೈಟಿಗೆ ಟ್ಯಾಂಕರ್ ನೀರು. ಅಡುಗೆಮನೆಯ ಆರ್‌ಒ ನೀರು ಬಳಸಬಹುದೇ? ನೀರು ತಣಿಸುವ ಚಿಲ್ಲರ್ ಬೇಕೇ ಬೇಕಾ, ಫ್ಯಾನ್ ಸಾಲದಾ?

ಉತ್ತರ: ಅಡುಗೆಮನೆಯ ಆರ್‌ಒ ಕುಡಿಯುವ ನೀರಿಗೆ ಮಾಡಿದ್ದು. ರುಚಿಗೆಂದು ಅದರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಕಂಟ್ರೋಲರ್ ಇಟ್ಟು ಸ್ವಲ್ಪ ನೀರನ್ನು ಮೆಂಬ್ರೇನ್ ದಾಟಿಸದೆ ಸೇರಿಸುತ್ತಾರೆ, ಇಲ್ಲವೇ ಖನಿಜ ಬೆರೆಸುತ್ತಾರೆ. ನಮಗೆ ಬೇಕಾದದ್ದು ಟಿಡಿಎಸ್ ಸೊನ್ನೆ. ಆರ್‌ಒ ಮೆಂಬ್ರೇನ್ ಆದ ಮೇಲೆ ಉಳಿದ ಲವಣ ಹೀರುವ ಡಿಐ ರೆಸಿನ್ ಇರುವ ಘಟಕ ಪ್ರತ್ಯೇಕ ಹಾಕಿಸಿ. ಟ್ಯಾಂಕರ್ ನೀರು ಗಡಸು ಇರುವುದರಿಂದ ರೆಸಿನ್ ಬೇಗ ಮುಗಿಯುತ್ತದೆ. ಬಣ್ಣ ಬದಲಿಸುವ ರೆಸಿನ್ ತೆಗೆದುಕೊಂಡರೆ ಯಾವಾಗ ಹೊಸದು ಹಾಕಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಆರ್‌ಒ ಹೊರಬಿಡುವ ನೀರು ಸುಮ್ನೆ ಹರಿದುಹೋಗದಿರಲಿ, ನೆಲ ಒರೆಸಲು, ಸಂಡಾಸಿಗೆ ಬಳಸಿ. ನಿಮ್ಮ ಕಡೆ ಏಪ್ರಿಲ್, ಮೇನಲ್ಲಿ ಆ ನೀರಿಗೂ ಬೆಲೆಯಿದೆ ಅಲ್ವಾ?

ಫ್ಯಾನ್ ವಿಷಯದಲ್ಲಿ ನೀವು ಅದೃಷ್ಟವಂತರು. ನೀರು ಆವಿಯಾಗುವಾಗ ಶಾಖ ಹೊತ್ತೊಯ್ಯುತ್ತದೆ. ಪುಣೆಯ ಬೇಸಿಗೆಯ ಒಣ ಗಾಳಿಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಮುಂಬೈ, ಗೋವಾದ ಹಸಿ ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ, ಅಲ್ಲಿಯವರು ಚಿಲ್ಲರ್ ದುಡ್ಡು ಮೊದಲೇ ಎತ್ತಿಡಬೇಕು. ಎಷ್ಟೋ ಸಲ ಟ್ಯಾಂಕಿಗಿಂತ ಅದಕ್ಕೇ ಜಾಸ್ತಿ ಖರ್ಚು. ನಮ್ಮ ಗುರಿ 25, 26 ಡಿಗ್ರಿ. ಬರೀ ಮೀನಿದ್ದರೆ 28 ನಡೆಯುತ್ತದೆ. 30 ದಾಟಿ ಕೆಲವು ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳಿಗೆ ಆಗಿದ್ದು ಇದೇ. ಹಾಗಾಗಿ ಹವಳ ಇಡುವ ಯೋಚನೆ ಇದ್ದರೆ ಪುಣೆಯಲ್ಲೂ ಚಿಲ್ಲರ್ ಬೇಕು ಅಂತಲೇ ನನ್ನ ಸಲಹೆ. ಅದನ್ನು ಸ್ಟ್ಯಾಂಡಿನ ಬಾಗಿಲೊಳಗೆ ಮುಚ್ಚಿಡಬೇಡಿ, ತನ್ನದೇ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. ಡಿಸೆಂಬರ್, ಜನವರಿ ರಾತ್ರಿಗಳಿಗೆ ಒಂದು ಹೀಟರ್ ಕೂಡ ಇರಲಿ.

ಪ್ರಶ್ನೆ: ವಾಸ್ಕೋದಲ್ಲಿ ಸಮುದ್ರ ಮನೆ ಮುಂದೆಯೇ ಇದೆ. ಉಪ್ಪು ಯಾಕೆ ಕೊಳ್ಳಬೇಕು? ಬೈನಾದಿಂದ ನೀರು, ಮರಳು ತಂದರಾಯಿತು ಅನ್ನಿಸುತ್ತದೆ. ಮಾಲವಣದ ಗೆಳೆಯರೊಬ್ಬರು ಹವಳದ ಕಲ್ಲೂ ತಂದುಕೊಡ್ತೀನಿ ಅಂದಿದ್ದಾರೆ.

ಉತ್ತರ: ಕಲ್ಲಿನ ವಿಷಯ ಮೊದಲು ಹೇಳುತ್ತೇನೆ. ಗೆಳೆಯರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಇವೆಲ್ಲವನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಶಿಷ್ಟಕ್ಕೆ ಸೇರಿಸಿದರು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸತ್ತು ಬೆಳ್ಳಗಾದ ಹವಳದ ತುಂಡನ್ನು ಕೊಂಡೊಯ್ಯುವುದೂ ತಪ್ಪೇ. 2020ರಲ್ಲಿ ಮುಂಬೈಯ ಕರಾವಳಿ ರಸ್ತೆಗಾಗಿ ವರ್ಲಿ, ಹಾಜಿ ಅಲಿ ಬಳಿಯ ಹವಳಗಳನ್ನು ಅನುಮತಿ ಪಡೆದು ಬೇರೆ ಕಡೆ ಸಾಗಿಸಬೇಕಾಯಿತು. ಸರಕಾರಿ ಕೆಲಸಕ್ಕೇ ಹೀಗೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಇದು ಯಾವ ಜಾತಿ, ಎಲ್ಲಿಂದ ಬಂತು, ಆಮದಿನ ಕಾಗದ ಎಲ್ಲಿ ಅಂತ ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ. ಅನುಮಾನವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಕಾನೂನಿನ ಮಾತು ಒತ್ತಟ್ಟಿಗಿರಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಮುಳುಗಿ ನೋಡಿದವರಿಗೆ ಗೊತ್ತು, ನಮ್ಮ ಪಶ್ಚಿಮ ಕರಾವಳಿಯಲ್ಲಿ ಹವಳ ಇರುವುದೇ ಅಲ್ಲೊಂದು ಇಲ್ಲೊಂದು. ಕಲ್ಲು ಹವಳಗಳಲ್ಲಿ ಎಷ್ಟೋ ಜಾತಿಗಳು ಒಂದು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಮನೆಗೆ ತಂದ ಒಂದು ಕಲ್ಲಿನ ಜಾಗ ತುಂಬಲು ಸಮುದ್ರಕ್ಕೆ ದಶಕಗಳೇ ಬೇಕು. ಟ್ಯಾಂಕಿಗೆಂದೇ ಮಾಡಿದ ಕೃತಕ ಸೆರಾಮಿಕ್ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದ ಸಣ್ಣ ತೂತುಗಳು ಅದರಲ್ಲೂ ಇರುತ್ತವೆ.

ನೀರೂ ಬೇಡ. ವಾಸ್ಕೋ ಇರುವುದು ಜುವಾರಿ ಸೇರುವ ಕಡೆ, ಪಕ್ಕದಲ್ಲೇ ಬಂದರು. ಮಳೆಗಾಲದಲ್ಲಿ ಹೊಳೆ ನೀರು ಸೇರಿ ಉಪ್ಪಿನಂಶ ಕುಸಿಯುತ್ತದೆ. ಎಣ್ಣೆ, ಚರಂಡಿ ನೀರು, ಪರಾವಲಂಬಿ ಹುಳ ಯಾವುದಕ್ಕೂ ಭರವಸೆ ಇಲ್ಲ. ಬೀಚಿನ ಮರಳೂ ಹಾಗೇ. ಟ್ಯಾಂಕಿಗೆಂದು ಸಿಗುವ ಸುಣ್ಣದಂಶದ ಅರಗೊನೈಟ್ ಮರಳು ಒಂದಿಂಚು ಹರಡಿದರೆ ಸಾಕು.

ಪ್ರಶ್ನೆ: ಟ್ಯಾಂಕ್ ಶುರು ಮಾಡಿ ಮೂರು ತಿಂಗಳಾಯಿತು. ದಿನಾ ನೀರು ಕಡಿಮೆಯಾಗುತ್ತದೆ ಅಂತ ಉಪ್ಪುನೀರು ತುಂಬಿಸುತ್ತಾ ಬಂದೆ. ಈಗ ಬಸವನಹುಳುಗಳು ಸತ್ತಿವೆ, ಮೀನು ಮಂಕಾಗಿದೆ. (ಮುಲುಂಡ್)

ಉತ್ತರ: ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲಿಂದ ಉಪ್ಪುನೀರು ಹಾಕಿದರೆ ದಿನದಿನಕ್ಕೂ ಉಪ್ಪು ಏರುತ್ತಾ ಹೋಗುತ್ತದೆ. ಈಗಲೇ ಅಳೆದು ನೋಡಿ. 40ರ ಹತ್ತಿರ ಇದ್ದರೂ ಆಶ್ಚರ್ಯವಿಲ್ಲ. ಸತ್ತ ಹುಳುಗಳನ್ನು ತೆಗೆದುಬಿಡಿ, ಅಮೋನಿಯಾವನ್ನೂ ಒಮ್ಮೆ ನೋಡಿ. ಗಾಬರಿಯಿಂದ ಒಂದೇ ಸಲ ಇಳಿಸಬೇಡಿ. ಸ್ವಲ್ಪ ಟ್ಯಾಂಕಿನ ನೀರು ತೆಗೆದು, ತೆಗೆದಷ್ಟೇ ಪ್ರಮಾಣದ ಆರ್‌ಒ-ಡಿಐ ಶುದ್ಧ ನೀರನ್ನು ನಿಧಾನಕ್ಕೆ ಸೇರಿಸಿ, ದಿನಕ್ಕೆ ಒಂದೊಂದು ಅಂಕ ಇಳಿಯಲಿ. 35ಕ್ಕೆ ಬಂದ ದಿನ ಸಂಪ್‌ನ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯ) ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಇನ್ನು ಮುಂದೆ ಆ ಗೆರೆಯವರೆಗೆ ಅದೇ ಶುದ್ಧ ನೀರು ಮಾತ್ರ. ಉಪ್ಪುನೀರು ಹಾಕುವುದು ನೀರು ಬದಲಿಸುವ ದಿನ, ತೆಗೆದಷ್ಟೇ.