ಹಕ್ಕಿ ಬಡಿದರೆ ವಿಮಾನದ ಇಂಜಿನ್‌ಗೆ ಏನಾಗುತ್ತದೆ? ಮುಂದೆ ಜಾಲರಿ ಯಾಕಿಲ್ಲ?

ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಿಂದ ವಿಮಾನ ಹತ್ತುವುದು ಈಗ ಮಾಮೂಲಿ, ಹಾಗಾಗಿ ಈ ಭಯ ಸಹಜವೇ.

ಹಕ್ಕಿ ಮೊದಲು ಬಡಿಯುವುದು ಮುಂದಿನ ಫ್ಯಾನ್‌ನ ಬ್ಲೇಡ್‌ಗಳಿಗೆ. ಬ್ಲೇಡ್ ಬಾಗಬಹುದು, ತುದಿ ಮುರಿಯಬಹುದು. ಆ ಚೂರು ಒಳಗಿನ ಕಂಪ್ರೆಸರ್‌ಗೆ (ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಬ್ಲೇಡ್‌ಗಳ ಸಾಲು) ಹೋದರೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಕಲ್ಲು ಸಿಕ್ಕಿದ ಹಾಗೆ, ಬ್ಲೇಡ್‌ಗಳು ಒಂದರ ಹಿಂದೆ ಒಂದು ಹಾಳಾಗುತ್ತಾ ಹೋಗುತ್ತವೆ. ಗಾಳಿಯ ಹರಿವು ಕೆಟ್ಟಾಗ ಢಂ ಢಂ ಸದ್ದು ಬರುತ್ತದೆ, ಹಿಂದಿನಿಂದ ಬೆಂಕಿಯೂ ಕಾಣಬಹುದು.

ಆದರೆ ಬಹಳಷ್ಟು ಸಲ ಇಷ್ಟೆಲ್ಲ ಆಗುವುದಿಲ್ಲ. ಒಂದು ಇಂಜಿನ್ ನಿಂತರೂ ಇನ್ನೊಂದರಲ್ಲಿ ಹಾರಿ ಇಳಿಯಬಹುದು. ಎರಡೂ ಕೈಕೊಡುವುದು ತೀರಾ ಅಪರೂಪ. 2009ರಲ್ಲಿ ನ್ಯೂಯಾರ್ಕ್‌ನಲ್ಲಿ ದೊಡ್ಡ ಬಾತುಗಳ ಹಿಂಡು ಬಡಿದು ಹಾಗಾದಾಗ ಪೈಲಟ್ ವಿಮಾನವನ್ನು ಹಡ್ಸನ್ ನದಿಯಲ್ಲೇ ಇಳಿಸಿದರು, 155 ಜನರೂ ಬದುಕಿದರು.

ಜಾಲರಿ ಹಾಕಿದರೆ ಗಾಳಿಗೆ ಅಡ್ಡಿ, ಮೇಲೆ ಐಸ್ ಕಟ್ಟುತ್ತದೆ, ಮುರಿದರೆ ಆ ಕಬ್ಬಿಣವೇ ಒಳಗೆ ಹೋಗುತ್ತದೆ. ಹಕ್ಕಿಗಿಂತ ಅದೇ ಜಾಸ್ತಿ ಅಪಾಯ ಅಲ್ವಾ?

ಇಂಥ ಡಿಕ್ಕಿ ಹೆಚ್ಚಾಗುವುದು ವಿಮಾನ ಮೇಲೇರುವಾಗ, ಕೆಳಗಿಳಿಯುವಾಗ. ಅದಕ್ಕೇ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹದ್ದುಗಳನ್ನು ಸೆಳೆಯುವ ಕಸ, ಮಾಂಸದ ತ್ಯಾಜ್ಯ ಬಿಸಾಡಬಾರದೆಂಬ ನಿಯಮವಿದೆ, ಅದನ್ನು ದಯವಿಟ್ಟು ಪಾಲಿಸಿ.