ಕ್ಯಾಮೆರಾ ಕೊಳ್ಳುವಾಗ 20 ಮೆಗಾಪಿಕ್ಸೆಲ್‌ನ ಒಂದು ಇಂಚಿನ ಸೆನ್ಸರ್, 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ: ಯಾವುದನ್ನು ಆರಿಸಲಿ?

ಮೊದಲಿಗೆ ಮೆಗಾಪಿಕ್ಸೆಲ್ ಮರೆತುಬಿಡಿ. 20ಕ್ಕೂ 24ಕ್ಕೂ ಚಿತ್ರದ ಉದ್ದಗಲದಲ್ಲಿ ಶೇ 10ರಷ್ಟೂ ವ್ಯತ್ಯಾಸ ಇರುವುದಿಲ್ಲ.

ನೋಡಬೇಕಾದ್ದು ಬೆಳಕು ಹಿಡಿಯುವ ಸೆನ್ಸರಿನ ಅಳತೆ. 'ಒಂದು ಇಂಚು' ಅನ್ನುವುದು ಹಳೆಯ ವಿಡಿಯೊ ಟ್ಯೂಬ್ ಕಾಲದ ಲೆಕ್ಕ, ನಿಜವಾದ ಅಳತೆ 13.2 × 8.8 ಮಿ.ಮೀ. ಅಷ್ಟೇ. ಎಪಿಎಸ್-ಸಿ ಅನ್ನುವ ದೊಡ್ಡ ಅಳತೆಯ ಸೆನ್ಸರ್ ಸಾಮಾನ್ಯವಾಗಿ 23.5 × 15.6 ಮಿ.ಮೀ. ಇರುತ್ತದೆ. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ ಜಾಗ. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿಯ ಅಳತೆ), ಶಟರ್ ವೇಗ ಎರಡೂ ಒಂದೇ ಆಗಿದ್ದರೆ ದೊಡ್ಡ ಸೆನ್ಸರಿಗೆ ಒಟ್ಟು ಬೆಳಕೂ ಅಷ್ಟೇ ಪಟ್ಟು ಹೆಚ್ಚು ಸಿಗುತ್ತದೆ. ಮಬ್ಬು ಬೆಳಕಿನ ಫೋಟೊಗಳಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್ ಕಡಿಮೆಯಾಗುವುದು ಹೀಗೆ.

ಹಾಗಂತ ಕಣ್ಣುಮುಚ್ಚಿ ದೊಡ್ಡದನ್ನೇ ಕೊಳ್ಳಬೇಡಿ. ಅಪರ್ಚರ್ ಒಂದೇ ಇರುತ್ತದೆ ಅಂತ ಏನು ಗ್ಯಾರಂಟಿ, ಅಲ್ವಾ? ಎಪಿಎಸ್-ಸಿ ಜೊತೆ ಬರುವ ಕಿಟ್ ಲೆನ್ಸ್ ಹೆಚ್ಚಾಗಿ ಎಫ್/3.5ರಿಂದ 5.6ರದ್ದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು). ಸಣ್ಣ ಕ್ಯಾಮೆರಾದ ಲೆನ್ಸ್ ಎಫ್/1.8 ಆಗಿದ್ದರೆ, ಒಟ್ಟು ಬೆಳಕಿನ ಲೆಕ್ಕದಲ್ಲಿ ಅದು ಎಪಿಎಸ್-ಸಿ ಮೇಲಿನ ಸುಮಾರು ಎಫ್/3.2ಕ್ಕೆ ಸಮ. ಆ ಕಿಟ್ ಲೆನ್ಸ್ ಒಂದೇ ಸಾಕು ಅನ್ನುವವರಿಗೆ ದೊಡ್ಡ ಸೆನ್ಸರಿನ ಲಾಭ ಅಷ್ಟಾಗಿ ಸಿಗುವುದಿಲ್ಲ. ಮುಂದೆ ಒಳ್ಳೆಯ ಲೆನ್ಸ್ ಕೊಳ್ಳುವ ಯೋಚನೆ ಇದ್ದರೆ ಮಾತ್ರ ನಾನು ಎಪಿಎಸ್-ಸಿ ಅಂತಲೇ ಹೇಳುತ್ತೇನೆ.

ಬಿಎಸ್‌ಐ (ವೈರಿಂಗನ್ನು ಹಿಂದಕ್ಕೆ ಸರಿಸಿ ಬೆಳಕು ನೇರವಾಗಿ ಬೀಳುವಂತೆ ಮಾಡಿದ ಸೆನ್ಸರ್ ವಿನ್ಯಾಸ) ಅನ್ನುವುದು ಅಳತೆಯ ನಂತರದ ಮಾತು. ಓಡುವ ಮಕ್ಕಳನ್ನೋ ಆಟೋಟವನ್ನೋ ತೆಗೆಯುವವರಾದರೆ ಸ್ಟ್ಯಾಕ್ಡ್ ಸೆನ್ಸರ್ (ಸರ್ಕ್ಯೂಟನ್ನು ಹಿಂದೆ ಪದರವಾಗಿ ಜೋಡಿಸಿದ್ದು) ಇದೆಯಾ ನೋಡಿ. ಅದು ಡೇಟಾವನ್ನು ಬೇಗ ಓದುವುದರಿಂದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರ ಅಷ್ಟಾಗಿ ಓರೆಯಾಗುವುದಿಲ್ಲ.

ಸ್ಯಾಂಪಲ್ ಫೋಟೊ ಹೋಲಿಸುವಾಗ ಐಎಸ್‌ಒ 3200ರ (ಮಬ್ಬು ಬೆಳಕಿಗಾಗಿ ಹೆಚ್ಚಿಸುವ ಸಂವೇದನೆಯ ಮಟ್ಟ) ರಾ, ಅಂದರೆ ಕ್ಯಾಮೆರಾ ತಿದ್ದದ ಮೂಲ ಫೈಲ್‌ಗಳನ್ನು ಒಂದೇ ಗಾತ್ರಕ್ಕೆ ತಂದು ನೋಡಿ. ಜೆಪೆಗ್‌ನಲ್ಲಿ ಕ್ಯಾಮೆರಾ ಆಗಲೇ ನಾಯ್ಸ್ ಒರೆಸಿಬಿಟ್ಟಿರುತ್ತದೆ.