ಸ್ವಚ್ಛತೆ ಮುಗಿದರೂ ತೆರೆಯದ ಓವನ್ ಬಾಗಿಲು

ಪ್ರಶ್ನೆ: ನಮ್ಮ ವಿದ್ಯುತ್ ಓವನ್‌ನ ಸೆಲ್ಫ್ ಕ್ಲೀನ್ ನಿನ್ನೆ ಸಂಜೆಯೇ ಮುಗಿದಿದೆ. ಬೆಳಗಾದರೂ ಬೀಗದ ಚಿಹ್ನೆ ಮಿನುಗುತ್ತಿದ್ದು, ಬಾಗಿಲು ತೆರೆಯುತ್ತಿಲ್ಲ. ಬಲವಾಗಿ ಎಳೆಯಬಹುದೇ?

ಉತ್ತರ: ದಯವಿಟ್ಟು ಎಳೆಯಬೇಡಿ; ಕೊಕ್ಕೆ ಬಾಗಿದರೆ ಅಥವಾ ಗಾಜು ಒಡೆದರೆ ಖರ್ಚು ಹೆಚ್ಚುತ್ತದೆ. ಸೆಲ್ಫ್ ಕ್ಲೀನ್ ಎಂದರೆ ಓವನ್ ತಾನೇ ಕಾದು ಒಳಗಿನ ಕೊಳೆಯನ್ನು ಸುಟ್ಟು ಬೂದಿ ಮಾಡುವುದು; ಆಗ ಒಳಗಿನ ಉಷ್ಣತೆ 450 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ, ಸಾಮಾನ್ಯವಾಗಿ ಒಂದು ಪುಟ್ಟ ಮೋಟಾರು ಕೊಕ್ಕೆಯನ್ನು ತಿರುಗಿಸಿ ಬಾಗಿಲನ್ನು ಬಂಧಿಸುತ್ತದೆ ಮತ್ತು ಓವನ್ ತಣ್ಣಗಾಗಿದೆಯೆಂದು ಸೆನ್ಸರ್ ತಿಳಿಸುವವರೆಗೆ ಅದನ್ನು ಬಿಡುವುದಿಲ್ಲ. ನಿಮ್ಮದು ಈಗಾಗಲೇ ತಣ್ಣಗಾಗಿರುವುದರಿಂದ, ಮೊದಲು ಓವನ್‌ನ ಎಂಸಿಬಿಯನ್ನು (ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿರುವ ಸುರಕ್ಷತಾ ಸ್ವಿಚ್) ಐದು ನಿಮಿಷ ಆಫ್ ಮಾಡಿ ಮತ್ತೆ ಹಾಕಿರಿ. ಎಷ್ಟೋ ಸಲ ಕಂಟ್ರೋಲ್ ಬೋರ್ಡ್ ಆಗ ಕೊಕ್ಕೆಯನ್ನು ತಾನೇ ಹಿಂದಕ್ಕೆ ತರುತ್ತದೆ. ಆ ಹೊತ್ತಿನಲ್ಲಿ ಬಾಗಿಲಿನ ಮೇಲ್ಭಾಗಕ್ಕೆ ಕಿವಿಗೊಡುವುದು ಮುಖ್ಯ. ಮೋಟಾರು ಗುಂಯ್‌ಗುಡುತ್ತಿದ್ದೂ ಕೊಕ್ಕೆ ಸರಿಯದಿದ್ದರೆ ಅದು ಸಿಕ್ಕಿಕೊಂಡಿರಬಹುದು. ಆಗ ಬಾಗಿಲನ್ನು ಒಳಕ್ಕೆ ಮೆಲ್ಲನೆ ಒತ್ತಿ ಹಿಡಿದರೆ ಬಿಗಿತ ಸಡಿಲವಾದೀತು. ಸದ್ದೇ ಇಲ್ಲದಿದ್ದರೆ ಮೋಟಾರನ್ನೋ ವೈರನ್ನೋ ಬೋರ್ಡನ್ನೋ ಪರೀಕ್ಷಿಸಬೇಕು. ಬಾಗಿಲು ತೆರೆದ ಮೇಲೂ ಚಿಹ್ನೆ ಉಳಿದರೆ, ಕೊಕ್ಕೆಯ ಸ್ಥಾನ ತಿಳಿಸುವ ಮೈಕ್ರೋಸ್ವಿಚ್ ಮೇಲೆ ನನ್ನ ಮೊದಲ ಅನುಮಾನ. ಇವುಗಳ ಬದಲಾವಣೆಯನ್ನು ತರಬೇತಾದ ಮೆಕ್ಯಾನಿಕ್‌ಗೇ ಬಿಡಿ. ಬೀಗವನ್ನು ತಪ್ಪಿಸಿ ನೇರ ವೈರ್ ಜೋಡಿಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ.